ಆಟಿಯ ಮಳೆಯಲ್ಲಿ ಒಂದು ಆಟದ ಪೆಟ್ಟಿಗೆ

ಆಟಿ ತಿಂಗಳೆಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು ಹೇಳುವೆನು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಸುರಿಯುವ ಮಳೆಗೆ ಹೊತ್ತುಗೊತ್ತೆಂಬುದಿಲ್ಲ. ಅಡಕೆ ತೋಟಕ್ಕೆ ಇಳಿಯುವಂತಿಲ್ಲ. ಕುಮಾರಧಾರೆ ಕೆನ್ನೀರಾಗಿ ಹರಿಯುತ್ತಿರುವಳು. ಎಲ್ಲಿಯೋ ಒಂದು ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬಿದ್ದಿತೆಂದರೆ ಮರುದಿನದವರೆಗೂ ಮನೆಗೆ ಬೆಳಕಿನ ಆಸೆಯಿಲ್ಲ. ಅಂಥ ದಿನಗಳಿಗೆಂದೇ ಹಿಂದಿನವರು ಅಟ್ಟದ ಮೇಲೆ ಚೆನ್ನೆಮಣೆಯನ್ನು ಇರಿಸಿದ್ದರು. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕೆಂಪು ಬೀಜಗಳು. ಘಟ್ಟದ ಮೇಲೆ ಇದನ್ನೇ ಅಳಗುಳಿಮಣೆಯೆನ್ನುವರು, ತಮಿಳರು ಪಲ್ಲಾಂಗುಳಿಯೆನ್ನುವರು, ಆಫ್ರಿಕಾ ಖಂಡದ ಹಳ್ಳಿಹಳ್ಳಿಗಳಲ್ಲಿಯೂ ಇದರ ಬಂಧುಗಳುಂಟು.

ನನ್ನ ತಾಯಿಯ ತವರುಮನೆ ಇರುವುದು ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ. ಕಳೆದ ಆಟಿಯಲ್ಲಿ ನಾವೆಲ್ಲ ಅಲ್ಲಿ ಸೇರಿದ್ದೆವು. ಪಾಣಾಜೆಯ ಕಡೆಗೆ ಕೊಟ್ಟಿರುವ ನನ್ನ ತಂಗಿಯೂ ಒಂಬತ್ತು ವರ್ಷದ ಅವಳ ಮಗನೂ ಬಂದಿದ್ದರು. ಅಜ್ಜಿ ಅಟ್ಟದಿಂದ ಮಣೆಯನ್ನು ಇಳಿಸಿ, ಒರೆಸಿ, ಜಗಲಿಯಲ್ಲಿಟ್ಟರು. ಹುಡುಗನು ಮಾತ್ರ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕೊಡೆ ಹಿಡಿದು, ಮನೆಯ ಹಿಂದಿನ ಗುಡ್ಡದ ತುದಿಗೆ ಹೋಗಿ, ಮೊಬೈಲಿಗೆ ಅಲ್ಲಿ ಮಾತ್ರ ಸಿಗುವ ಅಷ್ಟಿಷ್ಟು ಸಂಪರ್ಕವನ್ನು ಹುಡುಕುತ್ತ ನಿಂತಿದ್ದನು. ಅವನ ಆಟಕ್ಕೆ ಜಾಲದ ಸಂಪರ್ಕವಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲವಂತೆ.

ಈ ಆಟದ ಒಂದು ಪೂರ್ವಕಥೆಯೂ ಇದೆ. ಅದು ಧರ್ಮಕ್ಕೆ ಸಿಗುವ ಆಟ. ಆದರೆ ನಾಲ್ಕು ಹೆಜ್ಜೆ ಆಡುವಷ್ಟರಲ್ಲಿ ಒಂದು ಜಾಹೀರಾತು; ಎಂಟು ಹೆಜ್ಜೆಗೆ ಪ್ರಾಣ ಮುಗಿದು, ಮರುಪ್ರಾಣ ಬೇಕಾದರೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಚಿನ್ನದ ನಾಣ್ಯಗಳ ಗಂಟನ್ನು ಕೊಳ್ಳಬೇಕು. ಆ ನಾಣ್ಯ ಸುಳ್ಳಿನದು. ಕೊಡುವ ರೂಪಾಯಿ ಮಾತ್ರ ನಿಜದ್ದು. ಹುಡುಗನು ಒಂದು ಸಂಜೆ ತನ್ನ ಅಜ್ಜನ ಮೊಬೈಲಿನಲ್ಲಿ ಎಲ್ಲಿಯೋ ಒತ್ತಿದ್ದಕ್ಕೆ ಅವರ ಖಾತೆಯಿಂದ 799 ರೂಪಾಯಿ ಹೋಯಿತು. ಹಣಕ್ಕಿಂತಲೂ, ಆ ದಿನ ಅವನು ಅತ್ತ ರೀತಿಯನ್ನು ನೆನೆದು ನನ್ನ ತಂಗಿ ಇಂದಿಗೂ ನೊಂದುಕೊಳ್ಳುವಳು. ಹಣವನ್ನು ಪಣವೊಡ್ಡಿ ಆಡಿಸುವ ಜಾಲದ ಆಟಗಳನ್ನು ನಮ್ಮ ದೇಶದ ಸಂಸತ್ತು 2025ರ ಆಗಸ್ಟ್ ತಿಂಗಳಿನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಪಣವಿಲ್ಲದೆ, ಕೇವಲ ಆಸೆ ತೋರಿಸಿ ಮಕ್ಕಳಿಂದ ಕಾಸು ಕೀಳುವ ಈ ಬಗೆಯ ಚಾತುರ್ಯಕ್ಕೆ ಮನೆಯವರೇ ಮದ್ದು ಹುಡುಕಬೇಕಾಗಿದೆ.

ನನ್ನ ಚೀಲದಲ್ಲಿ ಹಳೆಯದೊಂದು ಲ್ಯಾಪ್‌ಟಾಪ್ ಇದ್ದಿತು. ಅದು ನಡೆಯಲಾರದಷ್ಟು ನಿಧಾನವಾಗಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದರಲ್ಲಿದ್ದ ವ್ಯವಸ್ಥೆಯನ್ನು ತೆಗೆದು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಹಾಕಿಕೊಟ್ಟಿದ್ದನು. ಜತೆಗೆ, ‘ಮಕ್ಕಳಿದ್ದರೆ ಬೇಕಾಗಬಹುದು, ಸರ್’ ಎಂದು ಕೆಲವು ಆಟಗಳನ್ನೂ ತುಂಬಿಸಿದ್ದನು. ಆವರೆಗೆ ನಾನು ಅವನ್ನು ತೆರೆದು ನೋಡಿದವನಲ್ಲ. ಹುಡುಗನು ಗುಡ್ಡದಿಂದ ಒದ್ದೆಯಾಗಿ, ಮುಖ ಸಪ್ಪಗೆ ಮಾಡಿಕೊಂಡು ಇಳಿದು ಬಂದಾಗ ನೆನಪಾಯಿತು.

ನಾವು ಮೊದಲು ತೆರೆದುದು ಜಿಕಾಂಪ್ರಿ ಎಂಬುದನ್ನು. ಇದು ಒಂದು ಆಟವಲ್ಲ, ಆಟಗಳ ಸಂತೆ. ಫ್ರಾನ್ಸ್ ದೇಶದ ಬ್ರೂನೊ ಕೂದ್ವೇನ್ ಎಂಬವರು 2000ದಲ್ಲಿ ಇದನ್ನು ತೊಡಗಿದರು. ಹೆಸರನ್ನು ಫ್ರೆಂಚ್ ಭಾಷೆಯಲ್ಲಿ ಉಚ್ಚರಿಸಿದರೆ ‘ನನಗೆ ಅರ್ಥವಾಯಿತು’ ಎಂದು ಕೇಳಿಸುವುದಂತೆ. ಎರಡರಿಂದ ಹತ್ತು ವರ್ಷದವರಿಗೆಂದು ಮಾಡಿದ 180ಕ್ಕೂ ಮಿಕ್ಕಿದ ಆಟಗಳು ಇದರಲ್ಲಿವೆ. ಮೌಸ್ ಹಿಡಿಯುವ ಕೈ ಪಳಗಲು ಒಂದು, ಗಡಿಯಾರ ನೋಡಲು ಒಂದು, ಕೂಡುವ ಕಳೆಯುವ ಲೆಕ್ಕಕ್ಕೆ ಹಲವು, ಜಲಾಂತರ್ಗಾಮಿ ಹಡಗನ್ನು ನಡೆಸಲು ಒಂದು, ಚದುರಂಗ. ಹಂಪೆಯ ಕಲ್ಲುಹಾಸುಗಳಲ್ಲಿ ಕೊರೆದಿರುವ ಸಾಲುಮನೆಯಾಟವನ್ನು ಬಲ್ಲವರುಂಟಷ್ಟೆ, ನವಕಂಕರಿಯೆಂದೂ ಹೇಳುವರು, ಅದೂ ಇದರಲ್ಲಿದೆ. ಎದುರಾಳಿಯಾಗಿ ಕುಳಿತುಕೊಳ್ಳುವವನು ಟಕ್ಸ್ ಎಂಬ ಡೊಳ್ಳುಹೊಟ್ಟೆಯ ಪೆಂಗ್ವಿನ್ ಹಕ್ಕಿ. 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದ ಈ ಹಕ್ಕಿಯ ಚಿತ್ರವೇ ಲಿನಕ್ಸಿನ ಲಾಂಛನ. ಈ ಲೋಕದ ಅರ್ಧಕ್ಕರ್ಧ ಆಟಗಳಲ್ಲಿ ನಾಯಕನೂ ಅವನೇ.

ಆ ಸಂತೆಯೊಳಗೆ ನೀರಿನ ಆಟವೊಂದಿದೆ. ಟಕ್ಸ್ ಮೀನು ಹಿಡಿದು ದೋಣಿಯಲ್ಲಿ ಮರಳಿರುವನು. ಅವನಿಗೆ ಸ್ನಾನಕ್ಕೆ ನೀರು ಬೇಕು. ಮಗುವು ಸೂರ್ಯನನ್ನು ಎಬ್ಬಿಸಬೇಕು, ಆವಿಯೆದ್ದು ಮೋಡವಾಗಬೇಕು, ಮೋಡವನ್ನು ಮುಟ್ಟಿದರೆ ಮಳೆ, ಆಮೇಲೆ ನೀರೆತ್ತುವ ಪಂಪು, ಕೊಳೆನೀರನ್ನು ಶುದ್ಧಿ ಮಾಡುವ ಸ್ಥಾವರ, ಎಲ್ಲವೂ ಕ್ರಮವಾಗಿ ನಡೆದರೆ ಟಕ್ಸನ ತಲೆಯ ಮೇಲೆ ನೀರು ಬೀಳುವುದು. ಹೊರಗೆ ಆಟಿಯ ಮಳೆ ಧೋ ಎನ್ನುತ್ತಿರಲು, ಒಳಗೆ ನಮ್ಮ ಹುಡುಗನು ಪರದೆಯ ಮೇಲೆ ಮಳೆ ಬರಿಸುವುದರಲ್ಲಿ ಮುಳುಗಿಹೋದನು. ಟಕ್ಸನಿಗೆ ಮೂರು ಸಲ ಸ್ನಾನವಾದ ಮೇಲೆ ತಲೆಯೆತ್ತಿ ಕೇಳಿದನು:

“ಮಾವ, ಇದರಲ್ಲಿ ಸುರಂಗ ಎಲ್ಲಿ?”

ಪಾಣಾಜೆಯ ಹುಡುಗ ಕೇಳಬೇಕಾದ ಪ್ರಶ್ನೆಯೇ ಸರಿ. ಪುತ್ತೂರು, ಸುಳ್ಯ, ಬಂಟ್ವಾಳ, ಕಾಸರಗೋಡುಗಳ ಮುರಕಲ್ಲಿನ ಗುಡ್ಡಗಳಲ್ಲಿ ಆಳೆತ್ತರಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿವೆ. ಒಳಗೆ ಜಿನುಗುವ ನೀರು ಪಂಪಿನ ಹಂಗಿಲ್ಲದೆ ತಾನೇ ಹರಿದು ಅಂಗಳದ ತೊಟ್ಟಿಗೆ ಬರುವುದು. ಅವನ ಮನೆಗೆ ನೀರು ಬರುವುದು ಹಾಗೆ. ಫ್ರಾನ್ಸಿನವರಿಗೆ ಇದೇನು ಗೊತ್ತು ಎಂದು ನಾನು ನಕ್ಕು ಸುಮ್ಮನಾಗುವವನಿದ್ದೆ. ಆದರೆ ಆ ಪ್ರಶ್ನೆ ನನ್ನನ್ನು ಸುಮ್ಮನಿರಗೊಡಲಿಲ್ಲ. ಗುಡ್ಡದ ತುದಿಯಲ್ಲಿ ಅವನು ಹುಡುಕುತ್ತಿದ್ದ ಆ ಇನ್ನೊಂದು ಆಟದಲ್ಲಿ ಇಂಥದೊಂದು ಕೊರತೆ ಕಂಡರೆ ಹೇಳಿಕೊಳ್ಳಲು ದಾರಿಯೇ ಇಲ್ಲ. ಹೇಳಿದರೂ ಆ ಸಂಸ್ಥೆಯವರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿಯಾದರೋ ಸುರಂಗವಿಲ್ಲದಿದ್ದರೆ ನಾವೇ ಒಂದನ್ನು ತೋಡಬಹುದು. ಆಟದ ಚಿತ್ರಗಳು ಬೇರೆಬೇರೆ ಕಡತಗಳಾಗಿ ಎಲ್ಲರಿಗೂ ತೆರೆದಿವೆ. ಸೂರ್ಯನನ್ನು ಮುಟ್ಟಿದರೆ ಏನಾಗಬೇಕೆಂಬ ಆಜ್ಞೆಗಳೂ ಓದಬಲ್ಲ ಅಕ್ಷರಗಳಲ್ಲಿಯೇ ಇವೆ. ತಿದ್ದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಂಗ್ಲಿಷಿನಲ್ಲಿ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಫ್ರೀ ಎಂಬ ಒಂದೇ ಶಬ್ದ. ಆ ಗೊಂದಲವನ್ನು ಬಿಡಿಸಲು ಅವರು ಪುಟಗಟ್ಟಲೆ ಬರೆಯಬೇಕಾಗಿದೆ. ಕನ್ನಡಕ್ಕೆ ಆ ಬಡತನವಿಲ್ಲ. ನಮ್ಮಲ್ಲಿ ಉಚಿತವೆಂಬುದು ಬೇರೆ, ಮುಕ್ತವೆಂಬುದು ಬೇರೆ. ಆ ಮೊಬೈಲಿನ ಆಟ ಉಚಿತ, ಮುಕ್ತವಲ್ಲ. ಚೆನ್ನೆಯಾಟವೋ ಮುಕ್ತ; ಆದರೆ ಹಲಸಿನ ಮರದಲ್ಲಿ ಮಣೆ ಮಾಡಿಕೊಟ್ಟ ಆಚಾರಿಗೆ ನನ್ನ ಅಜ್ಜಿಯ ಅತ್ತೆಯವರು ಕೂಲಿ ಕೊಡದೆ ಇರಲಿಲ್ಲ. ಆಚಾರಿಯು ಮಣೆಗೆ ಬೆಲೆ ಕಟ್ಟಿದನೇ ಹೊರತು, ‘ಜೋಡುಪೆರ್ಗ ಆಡಬೇಕಾದರೆ ಬೇರೆ ಹಣ, ಸೀತೆಯಾಟಕ್ಕೆ ಬೇರೆ ಹಣ’ ಎನ್ನಲಿಲ್ಲ. ನಾಲ್ಕರ ಬದಲು ಐದು ಬೀಜವಿಟ್ಟು ಹೊಸದೊಂದು ಆಟ ಹೂಡಿದರೆ ಜಗಳಕ್ಕೆ ಬರಲಿಲ್ಲ. ಮುಕ್ತ ತಂತ್ರಾಂಶದ ಧರ್ಮವೂ ಇಷ್ಟೇ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಈ ಧರ್ಮಕ್ಕೊಂದು ಹೆಸರು ಬಂದಿತು. 1989ರಲ್ಲಿ ಅವರು ಬರೆದ ಜಿಪಿಎಲ್ ಎಂಬ ಪರವಾನಿಗೆಯಿಂದ ಕಾನೂನಿನ ಕವಚವೂ ದೊರೆಯಿತು. ಉಪಯೋಗಿಸಿರಿ, ಬಿಚ್ಚಿ ನೋಡಿರಿ, ತಿದ್ದಿರಿ, ಹಂಚಿರಿ. ಆದರೆ ತಿದ್ದಿ ಹಂಚುವಾಗ ನಿಮಗೆ ಸಿಕ್ಕ ಈ ಹಕ್ಕುಗಳನ್ನು ಪಡೆದವನಿಗೂ ಕೊಡಿರಿ ಎಂಬುದು ಅದರ ಸಾರ.

ಆಟವೆಂದರೆ ಗಣಕಯಂತ್ರದ ಪ್ರಪಂಚದಲ್ಲಿ ಹುಡುಗಾಟಿಕೆಯೆಂದು ತಿಳಿಯಬಾರದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬವರು ಸೂರ್ಯಮಂಡಲದಲ್ಲಿ ನೌಕೆ ನಡೆಸುವ ಆಟವೊಂದನ್ನು ಬರೆದರು. ಅಲ್ಲಿದ್ದ ದೊಡ್ಡ ಯಂತ್ರದಲ್ಲಿ ಅದನ್ನು ಒಮ್ಮೆ ಆಡಲು ತಗಲುತ್ತಿದ್ದ ಯಂತ್ರಸಮಯದ ಬೆಲೆ ಸುಮಾರು 75 ಡಾಲರು! ಯಾರೂ ಹೆಚ್ಚಾಗಿ ಬಳಸದೆ ಮೂಲೆಗೆ ಬಿದ್ದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವನ್ನು ಥಾಂಪ್ಸನ್ನರು ಹುಡುಕಿ, ಆಟವನ್ನು ಅದಕ್ಕೆ ಒಗ್ಗಿಸಿದರು. ಆ ಯಂತ್ರದ ಮೇಲೆ ಮುಂದುವರಿದ ಕೆಲಸದಿಂದ ಹುಟ್ಟಿದುದೇ ಯುನಿಕ್ಸ್. ಅದರ ಮಾದರಿಯಲ್ಲಿ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆಯತೊಡಗಿದರು; ಮರುವರ್ಷ ಜಿಪಿಎಲ್ ಪರವಾನಿಗೆಯಡಿ ಲೋಕಕ್ಕೆ ಬಿಟ್ಟರು. ಮುಂದೆ ಅವರ ಆತ್ಮಕಥೆ ಹೊರಬಂದಾಗ ಅದರ ಹೆಸರೇ ‘ಕೇವಲ ಮೋಜಿಗಾಗಿ’ ಎಂಬ ಅರ್ಥದ್ದಾಗಿದ್ದಿತು.

ಫಿನ್‌ಲೆಂಡಿನ ಮಾತು ಬಂದುದರಿಂದ ಒಂದು ಉಪಕಥೆ. ತುಳುನಾಡಿನ ಸಿರಿ ಸಂಧಿಯಲ್ಲಿ ಅಬ್ಬಗ, ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಗಿ ಇಬ್ಬರೂ ಪ್ರಾಣ ನೀಗುವರು. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂದು ನಮ್ಮ ಅಜ್ಜಿ ಇಂದಿಗೂ ಗದರುವುದು ಆ ಕಾರಣದಿಂದ. ಈ ಸಂಧಿಯನ್ನು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಕಂಠದಿಂದ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡ ತಂಡದ ನಾಯಕರು ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ. ಜತೆಯಲ್ಲಿದ್ದವರು ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು. ಅಲ್ಲಿಂದ ಬಂದವರು ನಮ್ಮ ಚೆನ್ನೆಯ ಕಥೆಯನ್ನು ಕಡಲಾಚೆಗೆ ಕೊಂಡೊಯ್ದರು. ಕೆಲವೇ ತಿಂಗಳುಗಳಲ್ಲಿ ಅದೇ ದೇಶದ ಇನ್ನೊಬ್ಬನು ನಮ್ಮ ಮಕ್ಕಳ ಆಟಕ್ಕೆ ಜಗಲಿ ಕಟ್ಟತೊಡಗಿದನು. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ನೆನೆದಾಗ ಹಿಗ್ಗಾಗುವುದು.

ಇನ್ನು ಉಳಿದ ಆಟಗಳ ವಿಷಯ. ಟಕ್ಸ್ ಪೇಂಟ್ ಎಂಬುದು ಚಿತ್ರ ಬರೆಯುವ ಹಲಗೆ. 2002ರಲ್ಲಿ ಬಿಲ್ ಕೆಂಡ್ರಿಕ್ ತೊಡಗಿದುದು. ಕುಂಚ ಎಳೆದರೆ ಸದ್ದು, ಅಳಿಸಿದರೆ ಸದ್ದು. ಕಡತಕ್ಕೆ ಹೆಸರಿಡು, ಅಲ್ಲಿಡು ಇಲ್ಲಿಡು ಎಂಬ ಕಾಟವಿಲ್ಲ. ಮೂರು ವರ್ಷದ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಕನ್ನಡದ ಅನುವಾದವೂ ಇದೆ. ನಮ್ಮ ಮನೆಯಲ್ಲಿ ಹೆಚ್ಚು ಸದ್ದು ಮಾಡಿದುದು ಮಾತ್ರ ಸೂಪರ್‌ಟಕ್ಸ್‌ಕಾರ್ಟ್. ಟಕ್ಸ್ ಮತ್ತು ಅವನ ಗೆಳೆಯರು ಪುಟ್ಟ ಬಂಡಿಗಳಲ್ಲಿ ಪಂದ್ಯ ಓಡುವರು. ಒಂದೇ ಪರದೆಯನ್ನು ಪಾಲು ಮಾಡಿಕೊಂಡು ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಆಡಬಹುದು. 2019ರ ಆವೃತ್ತಿಯಿಂದೀಚೆಗೆ ಜಾಲದ ಮೂಲಕ ದೂರದವರೊಡನೆಯೂ ಆಡಬಹುದಾಗಿದೆ. ಕಡಬದ ಮಳೆಯಲ್ಲಿ ನಮಗೆ ಅದರ ಪ್ರಯೋಜನವಾಗಲಿಲ್ಲವೆಂಬುದು ಬೇರೆ. ಅಕ್ಕಪಕ್ಕ ಕುಳಿತು ಆಡುವಾಗ ನನ್ನ ತಂಗಿ ನನ್ನನ್ನು ನಾಲ್ಕು ಸಲ ಸೋಲಿಸಿದಳು. ಒಡಹುಟ್ಟಿದವರ ನಿಷೇಧ ಇದಕ್ಕೆ ಅನ್ವಯಿಸುವುದೋ ಎಂದು ಅಜ್ಜಿಯನ್ನು ಕೇಳಿದೆವು. ಅವರು ಉತ್ತರಿಸದೆ ಎಲೆಯಡಕೆಯ ಹರಿವಾಣವನ್ನು ಎಳೆದುಕೊಂಡರು.

ಪೆಂಗ್ವಿನ್ ಹಿಮದ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಜಾರಿಕೊಂಡು ಹೋಗುವ ಟಕ್ಸ್ ರೇಸರ್ ಎಂಬ ಆಟದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಜ್ಯಾಸ್ಮಿನ್ ಪ್ಯಾಟ್ರಿ ತನ್ನ ಪಾಠದ ಯೋಜನೆಯಾಗಿ ಅದನ್ನು ಬರೆದು, 2000ದಲ್ಲಿ ಜಿಪಿಎಲ್ ಪರವಾನಿಗೆಯೊಡನೆ ಬಿಡುಗಡೆ ಮಾಡಿದನು. ಲಿನಕ್ಸ್ ಬಳಸುವವರು ಅದಕ್ಕೆ ಮರುಳಾದರು. ಎರಡು ವರ್ಷ ಕಳೆದ ಮೇಲೆ ಅವನೂ ಗೆಳೆಯರೂ ಸೇರಿದ ಸಂಸ್ಥೆಯು ಅದರ ಹೊಸ ಆವೃತ್ತಿಯನ್ನು ಮಾಡಿ, ಮೂಲವನ್ನು ಮುಚ್ಚಿಟ್ಟು, ಹಣಕ್ಕೆ ಮಾರಲು ತೊಡಗಿತು. ತಮ್ಮದೇ ಕೃತಿ, ಹೊಸದನ್ನು ಮುಚ್ಚುವ ಹಕ್ಕು ಅವರಿಗಿದ್ದಿತು. ಆದರೆ ಒಮ್ಮೆ ಕೊಟ್ಟ ಹಳೆಯದನ್ನು ಹಿಂತೆಗೆದುಕೊಳ್ಳುವ ಹಕ್ಕು ಇರಲಿಲ್ಲ. ಕಾಣದ ಊರುಗಳ ಮಂದಿ ಆ ಹಳೆಯದನ್ನೇ ಎತ್ತಿಕೊಂಡು ಸಾಕಿದರು. ಹೆಸರು ಬದಲಾಯಿತು, ಸಾಕಿದವರು ಬದಲಾದರು. ಇಂದು ಎಕ್ಸ್‌ಟ್ರೀಮ್ ಟಕ್ಸ್ ರೇಸರ್ ಎಂಬ ಹೆಸರಿನಿಂದ ಅದು ಜಾರುತ್ತಲೇ ಇದೆ. ಮಾರಾಟದ ಆವೃತ್ತಿಯನ್ನು ಈಗ ಕೇಳುವವರಿಲ್ಲ. ನೆಕ್ಸೂಯಿಜ್ ಎಂಬ ಗುಂಡಿನಾಟದ ಹೆಸರು 2010ರಲ್ಲಿ ಒಂದು ಸಂಸ್ಥೆಯ ಪಾಲಾದಾಗಲೂ ಹೀಗೆಯೇ ಆಯಿತು. ಆಡುತ್ತಿದ್ದವರು ಬೇರೆ ಮನೆ ಕಟ್ಟಿ ಅದಕ್ಕೆ ಜೊನಾಟಿಕ್ ಎಂದು ಹೆಸರಿಟ್ಟರು. ಮಕ್ಕಳು ಮೆಚ್ಚಿಕೊಂಡ ಮೊಬೈಲಿನ ಆಟ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮುಚ್ಚಿಹೋದುದನ್ನು ಕಂಡ ತಾಯಂದಿರು ಈ ಭೇದವನ್ನು ಬಲ್ಲರು.

ದೊಡ್ಡ ಹುಡುಗರಿಗೆ 0 ಎ.ಡಿ. ಎಂಬ ಪ್ರಾಚೀನ ಯುದ್ಧತಂತ್ರದ ಆಟವಿದೆ. 2009ರಲ್ಲಿ ಇದರ ಮೂಲವು ಮುಕ್ತವಾಯಿತು. ರೋಮನರು, ಗ್ರೀಕರು, ಪಾರಸಿಕರೊಡನೆ ನಮ್ಮ ಮೌರ್ಯರೂ ಇದರಲ್ಲಿರುವರು. ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಕೊಂಡನೆಂದು ಪರಂಪರೆ ಹೇಳುವ ಚಂದ್ರಗುಪ್ತ, ಅವನ ಮೊಮ್ಮಗ ಅಶೋಕ, ಗುರು ಚಾಣಕ್ಯ, ಮೂವರೂ ನಾಯಕರು. ಆನೆಪಡೆ ಅವರ ಹೆಚ್ಚುಗಾರಿಕೆ. ಹಳೆಯ ಯಂತ್ರದಲ್ಲಿ ಮಾತ್ರ ಇದು ತೆವಳುವುದು. ನನ್ನದರಲ್ಲಿ ಆನೆಗಳು ನಿಜವಾದ ಆನೆಗಳಿಗಿಂತಲೂ ನಿಧಾನವಾಗಿ ನಡೆದವು. ವೆಸ್ನಾತ್ ಎಂಬ ಸರದಿಯಾಟ 2003ರದು. ಡೆನ್ಮಾರ್ಕಿನ ಮೂವರು ವಿದ್ಯಾರ್ಥಿಗಳು ಬರೆದು 1996ರಲ್ಲಿ ಬಿಟ್ಟ ಫ್ರೀಸಿವ್ ಇನ್ನೂ ಹಳೆಯದು. ರಜೆಯ ದಿನಗಳನ್ನು ನುಂಗಿಹಾಕುವ ಶಕ್ತಿ ಎರಡಕ್ಕೂ ಇದೆಯೆಂದಷ್ಟೇ ಹೇಳಿ ಮುಂದುವರಿಯುವೆನು. ಪೇಟೆಯಲ್ಲಿ ಹೆಸರಾದ ದುಬಾರಿ ಆಟಗಳನ್ನೇ ಬಯಸುವ ಮಕ್ಕಳಿಗೆ ಇವುಗಳಿಂದ ನಿರಾಶೆಯಾಗಬಹುದೆಂಬುದನ್ನೂ ಮರೆಮಾಚಬಾರದು. ಮುಕ್ತವಾದುದೆಲ್ಲ ಮಕ್ಕಳಿಗೆ ಹಿತವೆಂದೂ ಅಲ್ಲ. ಗುಂಡು ಹಾರಿಸುವವು ಇಲ್ಲಿಯೂ ಉಂಟು. ಆರಿಸಿ ಕೊಡುವ ಹೊಣೆ ಹಿರಿಯರದೇ.

ಇದೆಲ್ಲ ನನ್ನಂಥ ಒಬ್ಬನ ಮಳೆಗಾಲದ ಹುಚ್ಚೆಂದು ಓದುಗರು ತಿಳಿಯದಿರಲೆಂದು ಗಡಿಯಾಚೆಯ ಒಂದು ಸಂಗತಿಯನ್ನು ಹೇಳಬೇಕು. ಸುಳ್ಯದಿಂದ ಜಾಲ್ಸೂರಿನ ಮೇಲೆ ಆದೂರು, ಮುಳ್ಳೇರಿಯದ ಕಡೆಗೆ ಹೋದರೆ, ಅಥವಾ ಪಾಣಾಜೆ ದಾಟಿ ಸ್ವರ್ಗವೆಂಬ ಹೆಸರಿನ ಊರಿಗೆ ಕಾಲಿಟ್ಟರೆ, ಕಾಸರಗೋಡು ಜಿಲ್ಲೆ. ಅದೇ ಗುಡ್ಡ, ಅದೇ ಸುರಂಗ, ಮನೆಯೊಳಗೆ ಅದೇ ಕನ್ನಡ, ತುಳು. ಸರಕಾರ ಮಾತ್ರ ಕೇರಳದ್ದು. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳವು 2001ರಲ್ಲಿ ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ತೊಡಗಿ, ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. 2019ರಲ್ಲಿ ತನ್ನದೇ ಲಿನಕ್ಸ್ ಆವೃತ್ತಿಯನ್ನು ಎರಡು ಲಕ್ಷಕ್ಕೂ ಮಿಕ್ಕಿದ ಶಾಲಾ ಕಂಪ್ಯೂಟರುಗಳಿಗೆ ಹಾಕಲು ಹೊರಟಾಗ, ಇದರಿಂದ ಪರವಾನಿಗೆಯ ಶುಲ್ಕದಲ್ಲಿ 3,000 ಕೋಟಿ ರೂಪಾಯಿ ಉಳಿಯುವುದೆಂದು ಅದು ಲೆಕ್ಕ ಹೇಳಿತು. ನನಗೆ ಹೆಚ್ಚು ಹಿಡಿಸಿದುದು ಹಣದ ಲೆಕ್ಕವಲ್ಲ. ಅಲ್ಲಿನ ಕಿರಿಯ ಪ್ರಾಥಮಿಕ ತರಗತಿಗಳ ಕಂಪ್ಯೂಟರ್ ಪಠ್ಯಪುಸ್ತಕದ ಹೆಸರು ‘ಕಳಿಪ್ಪೆಟ್ಟಿ’. ಎಂದರೆ ಆಟದ ಪೆಟ್ಟಿಗೆ. ಮಗುವಿನ ಮೊದಲ ಕಂಪ್ಯೂಟರ್ ಪಾಠವೇ ಆಟ, ಅದೂ ಯಾರಿಗೂ ಕಪ್ಪ ಕೊಡಬೇಕಾಗಿಲ್ಲದ ಆಟ.

ಕರ್ನಾಟಕದಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. 2011ರಿಂದೀಚೆಗೆ ವಿಷಯ ಶಿಕ್ಷಕರ ವೇದಿಕೆಯೆಂಬ ಕಾರ್ಯಕ್ರಮದಲ್ಲಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ಕೂಡಿ ಸರಕಾರಿ ಪ್ರೌಢಶಾಲೆಯ ಅಧ್ಯಾಪಕರಿಗೆ ಮುಕ್ತ ತಂತ್ರಾಂಶಗಳನ್ನು ಕಲಿಸಿತು. ಆದರೆ ಗಡಿಯಾಚೆಯಲ್ಲಿ ಎಲ್ಲ ಮಕ್ಕಳ ಪಾಲಿಗೂ ಬಂದುದು ಇಲ್ಲಿ ಉತ್ಸಾಹಿಗಳಾದ ಅಧ್ಯಾಪಕರಿರುವಲ್ಲಿ ಮಾತ್ರ ಬೇರೂರಿದಂತೆ ಕಾಣುವುದು. ಆಟದ ಮೂಲಕ ಪಾಠವೆಂಬ ಮಾತು ಪುತ್ತೂರಿಗೆ ಹೊಸದೇನಲ್ಲವಲ್ಲ! ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದೂ, ಅವರ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಹೊರಬಂದುದೂ ಎಲ್ಲರಿಗೂ ತಿಳಿದ ವಿಷಯ.

ಕನ್ನಡದ ಪಾಲು ಈ ಲೋಕದಲ್ಲಿ ಎಷ್ಟು ಎಂಬುದನ್ನು ಕನ್ನಡದ ಅಧ್ಯಾಪಕನಾಗಿ ನಾನು ಕೇಳದಿರಲಾರೆ. ಲಿನಕ್ಸನ್ನು ಹೂಡುವಾಗಲೇ ಭಾಷೆಯನ್ನು ಕನ್ನಡವೆಂದು ಆರಿಸಿಕೊಳ್ಳಬಹುದು. ಬರೆಯುವುದಕ್ಕೆ ಕಗಪ ಕೀಲಿಮಣೆ ಅದರಲ್ಲಿಯೇ ಇದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು ರೂಪಿಸಿ, ಒಡೆತನ ಸಾಧಿಸದೆ ನಾಡಿಗೆ ಬಿಟ್ಟುಕೊಟ್ಟ ವಿನ್ಯಾಸವೇ ಅದಕ್ಕೆ ತಳಹದಿ. ಆದರೆ ಆಟಗಳ ಒಳಕ್ಕೆ ಹೋದಂತೆ ಕನ್ನಡ ತೆಳುವಾಗುತ್ತ ಬರುವುದು. ಒಂದು ಪರದೆ ಕನ್ನಡ, ಮುಂದಿನದು ಇಂಗ್ಲಿಷ್. ಹಲವು ಆಟಗಳಲ್ಲಿ ಕನ್ನಡದ ಸುಳಿವೇ ಇಲ್ಲ. ಇದಕ್ಕೆ ಯಾರ ದ್ವೇಷವೂ ಕಾರಣವಲ್ಲ. ಆಟದ ಮಾತುಗಳೆಲ್ಲ ಒಂದು ಕಡತದಲ್ಲಿರುವುವು. ಮೇಲೆ ಇಂಗ್ಲಿಷಿನ ಒಂದು ಸಾಲು, ಕೆಳಗೆ ಖಾಲಿ ಬಿಟ್ಟ ಒಂದು ಸಾಲು. ಆ ಖಾಲಿ ಸಾಲನ್ನು ತುಂಬುವವರು ಆಯಾ ಭಾಷೆಯ ಸ್ವಯಂಸೇವಕರು. ನಮ್ಮವರು ಕೆಲವರು ಸುಮಾರು 20 ವರ್ಷಗಳಿಂದ ತಮ್ಮ ಬಿಡುವನ್ನೆಲ್ಲ ಇದಕ್ಕೆ ಸುರಿದಿರುವರು. ಆಟ ಬೆಳೆದಂತೆ ಹೊಸ ಸಾಲುಗಳು ಸೇರುತ್ತಿರುವುವು, ತುಂಬುವ ಕೈಗಳು ಸಾಲವು.

ಆ ರಾತ್ರಿ ನಾನೂ ಅಂಥದೊಂದು ಕಡತವನ್ನು ತೆರೆದು ಕುಳಿತೆ. ಎಂ.ಎ. ಪದವಿಯ ಬಲವೆಲ್ಲ ಮೊದಲ ಹತ್ತು ಸಾಲಿನಲ್ಲಿಯೇ ಸೋರಿಹೋಯಿತು. ‘ಅನ್‌ಡೂ’ ಎಂಬುದನ್ನು ಹಿಂದೆ ಯಾರೋ ‘ರದ್ದುಗೊಳಿಸು’ ಎಂದು ಮಾಡಿದ್ದರು. ತಪ್ಪೇನಲ್ಲ, ಆದರೆ ಅದು ತಹಶೀಲ್ದಾರರ ಕನ್ನಡ, ಆಟದ ಕನ್ನಡವಲ್ಲ. ನಡೆ ತಪ್ಪಿದಾಗ ಮಕ್ಕಳು ಏನೆನ್ನುವರು? ‘ಹಿಂದೆ ತೆಗೆ’ ಎನ್ನುವರು. ‘ಲೆವೆಲ್’ ಎಂಬುದಕ್ಕೆ ಹಂತವೇ, ಮೆಟ್ಟಿಲೇ? ‘ಹಿಂಟ್’ ಎಂಬುದಕ್ಕೆ ಸೂಚನೆಯೆಂದರೆ ಹೆಡ್‌ಮಾಸ್ತರರ ಧ್ವನಿ ಕೇಳಿಸುವುದು; ಸುಳಿವೆಂದರೆ ಕಿವಿಯಲ್ಲಿ ಗುಟ್ಟು ಹೇಳಿದಂತಾಗುವುದು. ಸೋತ ಮಗುವಿಗೆ ‘ನೀವು ಸೋತಿದ್ದೀರಿ’ ಎನ್ನಬೇಕೇ, ‘ನೀನು ಸೋತೆ’ ಎನ್ನಬೇಕೇ? ಮೊದಲನೆಯದು ನಗೆಪಾಟಲು, ಎರಡನೆಯದು ಹಂಗಿಸಿದಂತೆ. ಬಹಳ ಯೋಚಿಸಿ ‘ಆಟ ಮುಗಿಯಿತು, ಮತ್ತೆ ಆಡೋಣವೇ?’ ಎಂದು ಬರೆದೆ. ಇನ್ನು ಬಹುವಚನದ ತೊಡಕು. ಒಂದಕ್ಕೊಂದು ರೂಪ, ಹೆಚ್ಚಿಗೊಂದು ರೂಪವನ್ನು ಕೊಡಿರೆಂದು ಕಡತವು ಕೇಳುವುದು. ಕನ್ನಡದಲ್ಲಿ ಸಂಖ್ಯೆ ಮುಂದಿದ್ದರೆ ನಾವು ‘ನಾಲ್ಕು ಕಾಯಿ’, ‘ಹತ್ತು ರೂಪಾಯಿ’ ಎಂದು ಏಕವಚನದಲ್ಲಿಯೇ ಎಣಿಸುವೆವಲ್ಲವೇ? ಎರಡೂ ಕಡೆಗಳಲ್ಲಿ ಅದನ್ನೇ ತುಂಬಿದೆ. ನಡುರಾತ್ರಿಯ ಹೊತ್ತಿಗೆ 41 ಸಾಲುಗಳಾದವು. ಕಡತದಲ್ಲಿ ಉಳಿದುವನ್ನು ಎಣಿಸಲು ಹೋಗಲಿಲ್ಲ.

ಮಾಡಿ ನೋಡುವ ಮನಸ್ಸಿದ್ದವರಿಗೆ ಎರಡು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆ ಕಾರಣದಿಂದ ಮೂಲೆಗೆ ಸರಿಸಿದ ಗಟ್ಟಿಮುಟ್ಟಾದ ಯಂತ್ರಗಳು ಅನೇಕರ ಮನೆಯಲ್ಲಿರಬಹುದು. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿರುವುದಾವುದನ್ನೂ ಮುಟ್ಟದೆ ಪರೀಕ್ಷಿಸಬಹುದು. ವೈಫೈ ಹಿಡಿಯುವುದೇ, ಸದ್ದು ಬರುವುದೇ ಎಂದು ಆಗಲೇ ನೋಡಿಕೊಳ್ಳಬೇಕು. ಕೆಲವು ಯಂತ್ರಗಳು ಇಲ್ಲಿ ಮೊಂಡು ಹಿಡಿಯುವುವು. ಒಪ್ಪಿಗೆಯಾದರೆ, ಮದುವೆಯ ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೆಡೆ ತೆಗೆದಿರಿಸಿದ ಮೇಲೆಯೇ ಪೂರ್ಣವಾಗಿ ಹೂಡಿರಿ. ನಾನು ಹೆಸರಿಸಿದ ಆಟಗಳೆಲ್ಲ ಅದರ ತಂತ್ರಾಂಶ ಭಂಡಾರದಲ್ಲಿಯೇ ದೊರೆಯುವುವು. ಪೇಟೆಯಲ್ಲಿ ಜಾಲ ಚೆನ್ನಾಗಿರುವಾಗ ಒಮ್ಮೆ ಇಳಿಸಿಕೊಂಡರಾಯಿತು. ಬಳಿಕ ಗುಡ್ಡ ಹತ್ತಬೇಕಾಗಿಲ್ಲ.

ಮರುದಿನ ಬೆಳಗ್ಗೆಯೂ ಮಳೆ ಬಿಟ್ಟಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಉಳಿದಿದ್ದುದು ಅರ್ಧ ಗಂಟೆಯ ಉಸಿರು. ಹುಡುಗನು ಅದನ್ನು ಪಂದ್ಯಕ್ಕೆ ವ್ಯಯಿಸುವನೆಂದು ನಾನೆಣಿಸಿದ್ದೆ; ಅವನು ಟಕ್ಸ್ ಪೇಂಟ್ ತೆರೆದು ಕುಳಿತಿದ್ದನು. ಕಂದು ಬಣ್ಣದ ಗುಡ್ಡ, ಅದರ ಹೊಟ್ಟೆಯಲ್ಲಿ ಕಪ್ಪನೆಯ ಬಾಯಿ, ಬಾಯಿಯಿಂದ ಅಡಕೆ ದಂಬೆಯ ಮೇಲೆ ಹರಿದು ಬರುವ ನೀಲಿ ಗೆರೆ. ಗೆರೆಯ ಕೊನೆಯಲ್ಲಿ ಡೊಳ್ಳುಹೊಟ್ಟೆಯ ಪೆಂಗ್ವಿನ್ ಒಂದು ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದಿತು.

“ಇದನ್ನು ಆ ಆಟದೊಳಗೆ ಹಾಕಿಕೊಡುತ್ತೀರಾ ಮಾವ?” ಎಂದನು.

ಪುತ್ತೂರಿಗೆ ಮರಳಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿ ಕೇಳಿದೆ. ಚಿತ್ರವನ್ನು ಆಟಕ್ಕೆ ಒಗ್ಗುವ ಬಗೆಯಲ್ಲಿ ಮತ್ತೊಮ್ಮೆ ಬರೆಯಬೇಕು, ನೀರಿನ ಕ್ರಮವನ್ನು ಹೇಳುವ ಭಾಗದಲ್ಲಿ ಕೆಲವು ಸಾಲು ಸೇರಿಸಬೇಕು, ಎರಡು ಭಾನುವಾರಗಳ ಕೆಲಸವೆಂದನು. ಒಂದು ಭಾನುವಾರ ಮುಗಿದಿದೆ.